ಅಂಚಿನಿಂದ ಒಳಗೆ ಬಂದ ವಾಕ್ಯ

ನನ್ನ ಮೈದುನ ಮನುಷ್ಯರನ್ನು ಪ್ರೀತಿಸಿದವನಲ್ಲ. ಅವನು ಪ್ರೀತಿಸಿದ್ದು ಹಳೆಯ ಕಾಗದವನ್ನು. ಈಗ ಅವನನ್ನು ಕರುಣಾಳು, ಮಕ್ಕಳ ಮೇಷ್ಟ್ರು ಎಂದೆಲ್ಲ ಕರೆಯುವವರು ಹುಟ್ಟಿಕೊಂಡಿದ್ದಾರೆ. ಸತ್ತವನಿಗೆ ಸಂತನ ಪಟ್ಟ ಕಟ್ಟಲು ಖರ್ಚಿಲ್ಲ. ಒಂದೇ ಸೂರಿನಡಿ ಅವನ ಜೊತೆ ಬದುಕಿದವಳು ನಾನು, ಆ ಮಾತಿಗೆ ನನ್ನ ಒಪ್ಪಿಗೆಯಿಲ್ಲ.

ಅವನ ಅಣ್ಣ, ಎಂದರೆ ನನ್ನ ಗಂಡ, ತೀರಿಕೊಂಡ ದಿನ ಮನೆ ತುಂಬ ಜನ. ಪಾದ್ರಿಗಳು ಪ್ರಾರ್ಥನೆ ಮುಗಿಸಿ, ಆದಿ ಸಭೆಯ ಕಾಲದಿಂದ ಈ ಪ್ರಾರ್ಥನೆ ಹೀಗೆಯೇ ನಡೆದುಬಂದಿದೆ ಎಂದರು. ಗೋಡೆಗೆ ಒರಗಿ ನಿಂತಿದ್ದ ಇವನು, "ಇಲ್ಲ, ಆರನೇ ಶತಮಾನದ್ದು. ಮೊದಲ ಎರಡು ಸಾಲು ಇನ್ನೂ ಈಚಿನದು" ಎಂದ. ಅಣ್ಣನ ಹೆಣ ಎದುರಿಗಿತ್ತು. ಬಂದವರೆಲ್ಲ ನನ್ನ ಮುಖ ನೋಡಿದರು, ಅವನನ್ನು ನಾನೇ ಹೆತ್ತು ಬೆಳೆಸಿದೆನೇನೋ ಎಂಬಂತೆ.

ಅವನು ಸೆಮಿನರಿಯಲ್ಲಿ, ಎಂದರೆ ಪಾದ್ರಿಗಳಾಗುವವರು ಓದುವ ಕಾಲೇಜಿನಲ್ಲಿ, ಆದಿ ಸಭೆಯ ಇತಿಹಾಸ ಕಲಿಸುತ್ತಿದ್ದ. ಮೊದಲ ನಾಲ್ಕೈದು ಶತಮಾನಗಳಲ್ಲಿ ಕ್ರೈಸ್ತರು ಏನು ಬರೆದರು, ಬರೆದದ್ದನ್ನು ಯಾರು ನಕಲು ಮಾಡಿದರು, ನಕಲು ಮಾಡುವಾಗ ಎಲ್ಲಿ ಎಡವಿದರು, ಇದು ಅವನ ವಿದ್ಯೆ. ಯಾವ ಹಸ್ತಪ್ರತಿಯ ಮಾತು ಬಂದರೂ, "ಮೊದಲು ಅಂಚು ನೋಡಿ, ಆಮೇಲೆ ನಡು ನೋಡಿ" ಎನ್ನುತ್ತಿದ್ದ. ವಿದ್ಯಾರ್ಥಿಗಳು ಅವನಿಗೆ ಅಂಚು ಮೇಷ್ಟ್ರು ಎಂದು ಹೆಸರಿಟ್ಟರು. ಹೆಸರು ಊರಿಗೆಲ್ಲ ಹಬ್ಬಿತು. ತರಕಾರಿಯವನೂ ಹಾಗೆಯೇ ಕರೆಯುತ್ತಿದ್ದ, ಯಾಕೆಂದು ಅವನಿಗೆ ಗೊತ್ತಿರಲಿಲ್ಲ.

ಮದುವೆ ಮಾಡಲು ನಾನು ಒಮ್ಮೆ ಹೊರಟದ್ದುಂಟು. ಹುಡುಗಿಯ ತಾಯಿ ಬಂದು ಕುಳಿತು, "ಸಂಜೆ ಹೊತ್ತು ಏನ್ಮಾಡ್ತೀರಪ್ಪ?" ಎಂದು ಕೇಳಿದರು.

"ನಕಲು ಮಾಡಿದವರ ತಪ್ಪು ಹುಡುಕ್ತೀನಿ."

"ಸಿಕ್ಕಿದ ಮೇಲೆ?"

"ಅದು ಯಾವ ಥರದ ತಪ್ಪು ಅಂತ ವಿಂಗಡಿಸ್ತೀನಿ."

ತಾಯಿ ಮಗಳನ್ನು ನೋಡಿದರು, ಮಗಳು ಬಾಗಿಲನ್ನು ನೋಡಿದಳು. ಅವರು ಹೋದ ಮೇಲೆ ನಾನು, "ಗಿಡ ಬೆಳೆಸ್ತೀನಿ ಅಂತ ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದೆ. "ಆಮೇಲೆ ಗಿಡ ಎಲ್ಲಿಂದ ತರ್ಲಿ, ಅತ್ತಿಗೆ?" ಎಂದು ಮೆಟ್ಟಿಲು ಹತ್ತಿ ಹೋದ.

ಮೇಲಿನ ಕೋಣೆ ಅವನದು. ಕಿಟಕಿಗೆ ದಪ್ಪ ನೀಲಿ ಬಟ್ಟೆಯ ಪರದೆ, ಹಗಲಲ್ಲೂ ಎಳೆದೇ ಇರುತ್ತಿತ್ತು. ಮುಚ್ಚಿಹೋದ ಒಂದು ಪತ್ರಿಕಾ ಕಚೇರಿಯಿಂದ ಕೊಂಡು ತಂದ ಮೈಕ್ರೋಫಿಲ್ಮ್ ಯಂತ್ರ ಮೇಜಿನ ಮುಕ್ಕಾಲು ಭಾಗ ನುಂಗಿತ್ತು. ದೂರದ ಗ್ರಂಥಾಲಯಗಳು ಹಸ್ತಪ್ರತಿಯ ಪುಟಗಳನ್ನು ಬೆರಳಗಲದ ಫಿಲ್ಮಿನ ಮೇಲೆ ಚಿತ್ರ ತೆಗೆದು ಸುರುಳಿ ಸುತ್ತಿ ಕಳಿಸುತ್ತವೆ. ಸುರುಳಿಯನ್ನು ಯಂತ್ರಕ್ಕೆ ಏರಿಸಿ ದೀಪ ಹಾಕಿದರೆ ಸಾವಿರ ವರ್ಷ ಹಿಂದಿನ ಪುಟ ಯಂತ್ರದ ಗಾಜಿನ ಮೇಲೆ ಕಿಟಕಿಯಷ್ಟು ದೊಡ್ಡದಾಗಿ ನಿಲ್ಲುತ್ತದೆ. ಹುಳು ತಿಂದ ತೂತು, ಮೇಣದ ಕಲೆ, ಯಾರೋ ಬೇಸರದಿಂದ ಗೀಚಿದ ಗೀಟು, ಎಲ್ಲ ಕಾಣುತ್ತದೆ. ಯಂತ್ರ ನಡೆಯುವಾಗ ಗುಂಯ್ ಎನ್ನುವ ಸದ್ದು, ಸುಟ್ಟ ಧೂಳಿನ ವಾಸನೆ. ಒಂದೊಂದು ಪ್ರತಿಗೆ ಒಂದೊಂದು ಬಣ್ಣದ ಪೆನ್ಸಿಲು. ವಾಕ್ಯದಿಂದ ವಾಕ್ಯಕ್ಕೆ ಹೋಲಿಸಿ, ಎಲ್ಲಿ ಒಂದು ಪ್ರತಿ ಇನ್ನೊಂದರಿಂದ ಬೇರೆಯಾಗುತ್ತದೋ ಅಲ್ಲಿ ಗುರುತು. ಊಟಕ್ಕೆ ಕರೆದರೆ, "ಈ ವಾಕ್ಯ ಮುಗಿಲಿ" ಎಂಬ ಉತ್ತರ. ಆ ವಾಕ್ಯ ತಣ್ಣಗಾದ ಅನ್ನದಷ್ಟು ಉದ್ದವಿರುತ್ತಿತ್ತು.

ಸೆಮಿನರಿ ಅವನಿಗೆ ಒಂದು ದೊಡ್ಡ ಕೆಲಸ ಒಪ್ಪಿಸಿತ್ತು. ಸಭಾನಿಯಮ ಎಂಬ ಹಳೆಯ ಗ್ರಂಥದ ಹೊಸ ಮುದ್ರಣವನ್ನು ಅವನು ಸಿದ್ಧಪಡಿಸಬೇಕಿತ್ತು. ಸಭೆಯಲ್ಲಿ ಯಾರು ಎಲ್ಲಿ ಕೂರಬೇಕು, ವಿಧವೆಯರಿಗೆ ಯಾರು ಅನ್ನ ಹಾಕಬೇಕು, ಸತ್ತವರನ್ನು ಹೇಗೆ ಮಣ್ಣು ಮಾಡಬೇಕು, ಇಂಥ ಸಂಗತಿಗಳನ್ನು ಹೇಳುವ ಚಿಕ್ಕ ಪುಸ್ತಕ ಅದು. ಮೂಲ ಗ್ರೀಕ್ ಭಾಷೆಯದು, ಅದು ಕಳೆದುಹೋಗಿದೆ. ಸಿರಿಯಾಕ್ ಎಂಬ ಹಳೆಯ ಪಶ್ಚಿಮ ಏಷ್ಯಾದ ಭಾಷೆಗೆ ಆದ ಅನುವಾದದ ನಾಲ್ಕು ಪ್ರತಿಗಳು ಮಾತ್ರ ಉಳಿದಿದ್ದವು. ನಮ್ಮ ಚರ್ಚು ಹೂಳುವ ಕ್ರಮವನ್ನು ಆ ಪುಸ್ತಕದ ಹಳೆಯ ಮುದ್ರಣದಿಂದಲೇ ತೆಗೆದುಕೊಂಡಿತ್ತು. ಅದರಲ್ಲಿ ಒಂದು ವಾಕ್ಯ: ದೀಕ್ಷಾಸ್ನಾನವಿಲ್ಲದೆ ಸತ್ತವರು, ಶಿಶುಗಳಾದರೂ, ಗೋಡೆಯ ಹೊರಗೆ.

ಆ ಒಂದು ವಾಕ್ಯದಿಂದಾಗಿ ನಮ್ಮ ಸಮಾಧಿಭೂಮಿಯ ಉತ್ತರದ ಗೋಡೆಯ ಆಚೆ, ರಸ್ತೆಗೂ ಗೋಡೆಗೂ ನಡುವೆ, ಒಂದು ಕಿರಿದಾದ ಪಟ್ಟಿಯಿತ್ತು. ಹುಟ್ಟಿದ ದಿನವೋ ಮರುದಿನವೋ ಸತ್ತ ಮಕ್ಕಳನ್ನು ಅಲ್ಲಿ ಹೂಳುತ್ತಿದ್ದರು. ಶಿಲುಬೆಯಿಲ್ಲ, ಹೆಸರಿಲ್ಲ. ಗುರುತಿಗೆ ತಾಯಂದಿರು ಇಟ್ಟ ಕಲ್ಲುಗಳು, ಅವುಗಳ ಮೇಲೆ ಹಾದುಹೋಗುವವರು ಎಸೆದ ಕಸ. ಒಂದು ದಿನ ನಗರಸಭೆಯವರು ಬಂದು ಗೋಡೆಗೆ ಕೆಂಪು ಬಣ್ಣದ ಗೀಟು ಎಳೆದು ಹೋದರು. ರಸ್ತೆ ಅಗಲ ಆಗುತ್ತದೆ, ಪಟ್ಟಿ ರಸ್ತೆಗೆ ಹೋಗುತ್ತದೆ.

ಆಗ ಬಂದವಳು ದರ್ಜಿಯಮ್ಮ. ನಮ್ಮ ಬೀದಿಯ ತುದಿಯಲ್ಲಿ ಅವಳ ಅಂಗಡಿ. ಊರಿನ ಪಾದ್ರಿಗಳ ನಿಲುವಂಗಿಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಅವಳ ಮೊದಲ ಮಗು ಆ ಪಟ್ಟಿಯಲ್ಲಿತ್ತು. ಅವಳು ಬಂದದ್ದು ಮೈದುನನ ಹತ್ತಿರಕ್ಕಲ್ಲ, ನನ್ನ ಹತ್ತಿರಕ್ಕೆ. ನಾನು ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿದವಳು. ಅಗೆದರೆ ಏನು ಸಿಗುತ್ತದೆ ಎಂದು ಕೇಳಲು ಬಂದಿದ್ದಳು.

"ಏನೂ ಸಿಗಲ್ಲ," ಎಂದೆ. "ಹಸುಗೂಸಿನ ಎಲುಬು ಮೆತ್ತಗಿರುತ್ತೆ. ಇಷ್ಟು ವರ್ಷಕ್ಕೆ ಕರಗಿರುತ್ತೆ. ಸಿಕ್ಕರೆ ಮಣ್ಣು."

"ಮಣ್ಣೇ ಸಾಕು," ಎಂದಳು. "ಮಣ್ಣನ್ನೇ ಗೋಡೆಯ ಒಳಗೆ ಹಾಕ್ಲಿ. ಬಿಷಪ್ಪರನ್ನ ಕೇಳಿದೆ. ನಿಯಮ ಇದೆಯಮ್ಮ ಅಂತಾರೆ. ಅವರ ನಿಲುವಂಗಿಗೆ ಗುಂಡಿ ಹಾಕ್ತಾ ಹಾಕ್ತಾ ಕೇಳಿದೆ. ಸೂಜಿ ನನ್ನ ಕೈಯಲ್ಲಿತ್ತು, ಆದರೂ ಧೈರ್ಯವಾಗಿ ಇಲ್ಲ ಅಂದ್ರು."

ಚಹಾಕ್ಕೆಂದು ಕೆಳಗೆ ಬಂದಿದ್ದ ಮೈದುನ ಲೋಟ ಹಿಡಿದು ನಿಂತಿದ್ದ. ಅವಳಿಗೆ ಸಮಾಧಾನ ಹೇಳಲಿಲ್ಲ. "ಆ ವಾಕ್ಯ ಅಲ್ಲೀದಲ್ಲ," ಎಂದ.

"ಎಲ್ಲೀದು ಮತ್ತೆ?" ಎಂದು ನಾನು ಕೇಳಿದೆ.

"ಅತ್ತಿಗೆ, ನಿಮ್ಮ ಉಪ್ಪಿನಕಾಯಿ ಪುಸ್ತಕದಲ್ಲಿ ಅಂಚಿನ ಮೇಲೆ, 'ಮಾವನವರಿಗೆ ಉಪ್ಪು ಕೂಡದು' ಅಂತ ಬರೆದಿದ್ರಿ, ಜ್ಞಾಪಕ ಇದೆಯಾ? ನಿಮ್ಮ ಅಣ್ಣನ ಮಗಳು ಆ ಪುಸ್ತಕ ನಕಲು ಮಾಡ್ಕೊಂಡ್ಳು. ಅಂಚಿನ ಮಾತನ್ನ ನಡುವೆ ಸೇರಿಸಿಬಿಟ್ಳು. ಈಗ ಅವಳ ಪುಸ್ತಕದ ಪ್ರಕಾರ ಉಪ್ಪಿಲ್ಲದೆ ಉಪ್ಪಿನಕಾಯಿ ಹಾಕ್ಬೇಕು. ಅವಳ ಮಕ್ಕಳಿಗೆ ಅದೇ ಶಾಸ್ತ್ರ."

"ನನ್ನ ಉಪ್ಪಿನಕಾಯಿ ಬಿಡು. ನಿಯಮದ ಮಾತು ಹೇಳು."

"ಅದೂ ಅಷ್ಟೆ. ಯಾರೋ ಓದಿದವನು ತನ್ನ ಕಾಲದಲ್ಲಿ ತನ್ನೂರಲ್ಲಿ ನಡೀತಿದ್ದದ್ದನ್ನ ಅಂಚಿನ ಮೇಲೆ ಬರ್ಕೊಂಡ. ಆಮೇಲೆ ನಕಲು ಮಾಡಿದವರು, ಇದು ಬಿಟ್ಟುಹೋದ ವಾಕ್ಯ ಇರ್ಬೇಕು ಅಂತ ಒಳಗೆ ತಂದ್ರು. ಎಲ್ಲಿ ಸೇರಿಸ್ಬೇಕು ಅಂತ ಗೊತ್ತಾಗದೆ ಒಬ್ಬೊಬ್ಬ ಒಂದೊಂದು ಕಡೆ ಸೇರಿಸಿದ. ಒಂದು ಪ್ರತೀಲಿ ಸತ್ತವರ ಅಧ್ಯಾಯದಲ್ಲಿದೆ, ಇನ್ನೊಂದರಲ್ಲಿ ವಿಧವೆಯರ ಮಧ್ಯೆ ಬಂದು ಕೂತಿದೆ, ಮತ್ತೆರಡರಲ್ಲಿ ಪುಸ್ತಕದ ಕೊನೇಲಿ. ಮನೆಯಿರೋ ವಾಕ್ಯ ಹೀಗೆ ಬೀದಿ ಸುತ್ತಲ್ಲ."

ದರ್ಜಿಯಮ್ಮ ಎದ್ದು ನಿಂತಳು. ಅವಳ ಮುಖದಲ್ಲಿ ನಾನು ಅದುವರೆಗೆ ನೋಡದಿದ್ದ ಒಂದು ಬೆಳಕಿತ್ತು. "ಹಾಗಾದ್ರೆ ನನ್ನ ಮಗು..." ಎಂದಳು.

"ನಿಮ್ಮ ಮಗೂಗೋಸ್ಕರ ಹುಡುಕಿದ್ದಲ್ಲ," ಎಂದ ಮೈದುನ. "ಹುಡುಕ್ತಾ ಇದ್ದೆ, ಸಿಕ್ತು." ಚಹಾ ಕುಡಿದು ಲೋಟ ಇಟ್ಟು ಮೇಲೆ ಹೋದ.

ಸೆಮಿನರಿಯ ತ್ರೈಮಾಸಿಕದಲ್ಲಿ ಲೇಖನ ಬಂತು. ಮೊದಲು ಯಾರೂ ಓದಲಿಲ್ಲ, ಅಂಥ ಪತ್ರಿಕೆಗಳನ್ನು ಓದುವವರು ಬರೆದವರೇ. ಆದರೆ ದರ್ಜಿಯಮ್ಮ ಅದರ ಒಂದು ಪ್ರತಿಯನ್ನು ಅಂಗಡಿಯ ಗೋಡೆಗೆ ಅಂಟಿಸಿದಳು. ಅರ್ಥವಾಗದಿದ್ದರೂ ಅಂಟಿಸಿದಳು. ಅಳತೆ ಕೊಡಲು ಬಂದ ಪಾದ್ರಿಗಳು ಕೈ ಚಾಚಿ ನಿಂತಲ್ಲೇ ಓದಬೇಕಾಯಿತು. ಗೋಡೆಯ ಹೊರಗೆ ಮಕ್ಕಳಿದ್ದ ಹೆಂಗಸರೆಲ್ಲ ಬಂದು ಓದಿಸಿಕೊಂಡು ಹೋದರು. ಹದಿನೈದು ದಿನದಲ್ಲಿ ಬಿಷಪ್ಪರು ನಮ್ಮ ಮನೆಗೆ ಬಂದರು.

ಬಿಷಪ್ಪರು ಮೈದುನನ ಹಳೆಯ ವಿದ್ಯಾರ್ಥಿ. ಕೆಟ್ಟವರಲ್ಲ, ಎಲ್ಲರಿಗೂ ಬೇಕಾದವರಾಗಿರಲು ಆಸೆಪಡುವವರು. ಅಂಥವರಿಂದಲೇ ಹೆಚ್ಚಿನ ತೊಂದರೆ. ಕುರ್ಚಿಯ ಅಂಚಿನಲ್ಲಿ ಕೂತು, "ಮೇಷ್ಟ್ರೇ, ಒಂದು ದಾರಿ ಇದೆ," ಎಂದರು.

"ಹೇಳಿ."

"ರಸ್ತೆ ಕೆಲಸ ಶುರುವಾಗೋ ಮುಂಚೆ ಒಂದು ಬೆಳಿಗ್ಗೆ ಆಳುಗಳನ್ನ ಕರೆಸ್ತೀನಿ. ಸದ್ದಿಲ್ಲದೆ ಮಣ್ಣನ್ನ ಒಳಗೆ ಹಾಕಿಸ್ತೀನಿ. ಯಾರೂ ಕೇಳಲ್ಲ, ನಾನೂ ಹೇಳಲ್ಲ. ನೀವು ಲೇಖನ ವಾಪಸ್ ತಗೊಂಡು, ಹೊಸ ಮುದ್ರಣದಲ್ಲಿ ಆ ವಾಕ್ಯ ಇದ್ದ ಹಾಗೇ ಬಿಟ್ಬಿಡಿ. ಸಭಾಮಂಡಳಿಯವರು ನನ್ನ ಕುತ್ತಿಗೆ ಮೇಲೆ ಕೂತಿದಾರೆ. ಇವತ್ತು ಒಂದು ವಾಕ್ಯ ಹೋದ್ರೆ ನಾಳೆ ಇನ್ನೊಂದು ಅಂತಾರೆ."

"ನಾಳೇದು ನಾಳೆ ನೋಡೋಣ. ಅದಕ್ಕೇ ಅಲ್ವಾ ನನಗೆ ಸಂಬಳ ಕೊಡ್ತಿರೋದು?"

"ಮಕ್ಕಳು ಒಳಗೆ ಬರ್ತಾರಲ್ಲ, ಮೇಷ್ಟ್ರೇ. ನಿಮಗೆ ಬೇಕಾಗಿರೋದು ಅದೇ ಅಲ್ವಾ?"

"ನನಗೆ ಅದು ಬೇಕು ಅಂತ ಯಾರು ಹೇಳಿದ್ರು? ಲೇಖನದಲ್ಲಿ ತಪ್ಪಿದ್ರೆ ತೋರಿಸಿ, ಇವತ್ತೇ ವಾಪಸ್ ತಗೋತೀನಿ. ತಪ್ಪಿಲ್ಲ ಅಂದ್ರೆ ನಿಮ್ಮ ಗುದ್ದಲಿಗೂ ನನ್ನ ವಾಕ್ಯಕ್ಕೂ ಏನು ಸಂಬಂಧ?"

ನಾನು ಅಡುಗೆಮನೆಯಿಂದ ಹೊರಗೆ ಬಂದು, "ಸ್ವಲ್ಪ ಯೋಚನೆ ಮಾಡಿ ಹೇಳ್ತಾನೆ," ಎಂದೆ.

"ಯೋಚನೆ ಮಾಡಿಯೇ ಹೇಳಿದೀನಿ, ಅತ್ತಿಗೆ," ಎಂದ. "ಬಿಷಪ್ಪರೇ, ಪರೀಕ್ಷೆಯಲ್ಲೂ ನೀವು ಹೀಗೇ ಮಾಡ್ತಿದ್ರಿ. ಉತ್ತರ ಗೊತ್ತಿದ್ರೂ ಎರಡೂ ಕಡೆಗೆ ಹೊಂದೋ ಹಾಗೆ ಬರೀತಿದ್ರಿ. ಆಗ ಪಾಸು ಮಾಡಿದ್ದು ನನ್ನ ತಪ್ಪು."

ಬಿಷಪ್ಪರು ಮುಖ ಕೆಂಪು ಮಾಡಿಕೊಂಡು ಹೋದರು. ಮರುದಿನ ಬೆಳಿಗ್ಗೆಯೇ ದರ್ಜಿಯಮ್ಮ ಬಂದಳು. ಅಳತೆಯ ಟೇಪು ಕೊರಳಲ್ಲೇ ಇತ್ತು. ಸುದ್ದಿ ಅವಳಿಗೆ ಬಿಷಪ್ಪರ ಅಡುಗೆಯವನಿಂದ ಸಿಕ್ಕಿತ್ತು.

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ್ರಲ್ಲ, ಮೇಷ್ಟ್ರೇ. ಒಳಗೆ ಹಾಕಿಸ್ತೀನಿ ಅಂತ ಅವರೇ ಬಾಯಿ ಬಿಟ್ಟು ಹೇಳಿದ್ರಂತೆ. ಹ್ಞೂಂ ಅಂದಿದ್ರೆ ನಿಮ್ಮ ನಾಲಿಗೆ ಸವೀತಿತ್ತಾ?"

"ಸುಳ್ಳಿಗೆ ಸಹಿ ಹಾಕ್ಬೇಕಾಗ್ತಿತ್ತು."

"ಹಾಕ್ಬೇಕಿತ್ತು. ನನ್ನ ಮಗುಗಿಂತ ನಿಮ್ಮ ಸಹಿ ದೊಡ್ಡದಾ? ನಿಮಗೂ ಒಂದು ಮಗು ಇದ್ದಿದ್ರೆ ಗೊತ್ತಾಗ್ತಿತ್ತು."

"ಇದ್ದಿದ್ರೂ ಆ ವಾಕ್ಯ ಅಂಚಿನದೇ ಆಗಿರ್ತಿತ್ತು," ಎಂದ.

ಅವಳು ನನ್ನ ಕಡೆ ತಿರುಗಿ, "ಅಮ್ಮಾ, ಇವರಿಗೆ ಅನ್ನ ಹಾಕ್ತೀರಲ್ಲ, ನೀವು ದೊಡ್ಡವರು," ಎಂದು ಹೊರಟುಹೋದಳು. ಆ ದಿನ ಅವಳು ಹೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಸತ್ಯವನ್ನು ಅಪ್ಪಿಕೊಂಡವನು ಪಕ್ಕದಲ್ಲಿ ನಿಂತವರ ಕಾಲು ತುಳಿದರೆ ಅವನನ್ನು ಹೊಗಳಬೇಕಾಗಿಲ್ಲ. ಅವಳ ಮಾತನ್ನೇ ನಾನೂ ಊಟದ ಹೊತ್ತಿಗೆ ಅವನಿಗೆ ಹೇಳಿದೆ. ಅವನು ತಟ್ಟೆ ತೊಳೆದಿಟ್ಟು, "ಸರಿ, ಅತ್ತಿಗೆ," ಎಂದ. ಅವನ ಸರಿಗೆ ಯಾವ ಅರ್ಥವೂ ಇರಲಿಲ್ಲ.

ಸೆಮಿನರಿ ಅವನ ತರಗತಿ ಕಿತ್ತುಕೊಂಡಿತು. ಅವನ ಕೋಣೆಯ ಬೀಗ ಬದಲಾಯಿಸಿದರು, ಕರಿಹಲಗೆಯನ್ನೂ ಗೋಡೆಯಿಂದ ಇಳಿಸಿದರು. ಬೀಗ ಅರ್ಥವಾಗುತ್ತದೆ, ಹಲಗೆ ಏನು ಮಾಡಿತ್ತೋ ಗೊತ್ತಿಲ್ಲ. ಮರುದಿನದಿಂದ ವಿದ್ಯಾರ್ಥಿಗಳು ನಮ್ಮ ಮನೆಗೆ ಬಂದು ಮೆಟ್ಟಿಲ ಮೇಲೆ ಒಬ್ಬರ ಹಿಂದೊಬ್ಬರು ಕೂತರು. ಇವನು ಕೆಳಗಿನ ಮೆಟ್ಟಿಲ ಬಳಿ ನಿಂತು ಪಾಠ ಹೇಳಿದ. ಪ್ರಿನ್ಸಿಪಾಲರು ಫೋನ್ ಮಾಡಿ ನಿಲ್ಲಿಸಿ ಎಂದಾಗ, "ಕೋಣೆಗೆ ಬೀಗ ಹಾಕಿದ್ರಿ, ಹಾಕಿ. ನಾಲ್ಕನೇ ಶತಮಾನಕ್ಕೆ ಹಾಕೋ ಬೀಗ ಎಲ್ಲಿ ಸಿಗುತ್ತೆ?" ಎಂದು ರಿಸೀವರ್ ಇಟ್ಟ. ನನಗೆ ತೊಂದರೆಯಾದದ್ದು ಒಂದೇ, ಮಹಡಿಗೆ ಹೋಗಲು ಹದಿನಾರು ಮೊಣಕಾಲುಗಳನ್ನು ದಾಟಬೇಕಾಗುತ್ತಿತ್ತು.

ಹೆಂಗಸರು ಸುಮ್ಮನಿರಲಿಲ್ಲ. ಭಾನುವಾರದ ಆರಾಧನೆ ಮುಗಿದ ಮೇಲೆ ಬಿಷಪ್ಪರ ಕೈ ಕುಲುಕುವ ಸಾಲಿನಲ್ಲಿ ನಿಂತು, ಒಬ್ಬೊಬ್ಬರೂ, "ನನ್ನದು ಗೋಡೆಯ ಹೊರಗಿದೆ, ಸ್ವಾಮಿ," ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು. ಜಗಳವಿಲ್ಲ, ಅಳುವಿಲ್ಲ. ಮೂರು ಭಾನುವಾರ ಬಿಷಪ್ಪರು ತಡೆದುಕೊಂಡರು. ನಾಲ್ಕನೆಯ ವಾರ ಸಭಾಮಂಡಳಿಯ ಬಹಿರಂಗ ವಿಚಾರಣೆ ಕರೆದರು.

ನಾನೂ ಹೋಗಿದ್ದೆ. ಚರ್ಚಿನ ಪಕ್ಕದ ಸಭಾಂಗಣ, ಮಡಚುವ ಕುರ್ಚಿಗಳು, ಕೆಟ್ಟು ಕಿರುಗುಡುವ ಮೈಕು. ಹೆಂಗಸರು ಹಿಂದಿನ ಸಾಲಲ್ಲಿ. ಮಂಡಳಿಯ ಪರವಾಗಿ ಮಾತಾಡಿದವರು ಚರ್ಚಿನ ವಕೀಲರು. ಕೋರ್ಟಿನಲ್ಲಿ ಗೆದ್ದು ಗೆದ್ದು ರೂಢಿಯಾದ ದನಿ.

"ಮೇಷ್ಟ್ರೇ, ಹೌದು ಇಲ್ಲ ಅಂತ ಎರಡೇ ಮಾತಲ್ಲಿ ಹೇಳಿ. ನಾಲ್ಕು ಪ್ರತಿಗಳಲ್ಲೂ ಈ ವಾಕ್ಯ ಇದೆಯೋ ಇಲ್ಲವೋ?"

"ಇದೆ."

"ನಾಲ್ಕೂ ಸಾಕ್ಷಿಗಳು ಇದೆ ಅಂತಿವೆ. ನೀವೊಬ್ಬರು ಇಲ್ಲ ಅಂತೀರಿ."

"ವಕೀಲರೇ, ನಿಮ್ಮ ಹತ್ತಿರ ನಾಲ್ಕು ಜನ ಸಾಕ್ಷಿಗಳು ಬಂದು, ಒಬ್ಬನೇ ಮನುಷ್ಯನನ್ನ ಒಂದೇ ಹೊತ್ತಲ್ಲಿ ಮೂರು ಬೇರೆ ಬೇರೆ ಮನೆಯಲ್ಲಿ ನೋಡಿದ್ವಿ ಅಂದ್ರೆ ಏನಂತೀರಿ?"

"ಸಾಕ್ಷಿ ಬಿದ್ದುಹೋಗುತ್ತೆ ಅಂತೀನಿ," ಎಂದು ಹೇಳಿದ ಮೇಲೆ ವಕೀಲರಿಗೆ ತಾವು ಹೇಳಿದ್ದೇನೆಂದು ತಿಳಿಯಿತು. ಹಿಂದಿನ ಸಾಲಿನಿಂದ ನಗು ಕೇಳಿತು.

ಅವರು ಬಿಡುವವರಲ್ಲ. "ಇರಲಿ. ನಾಳೆ ಇದಕ್ಕಿಂತ ಹಳೆಯ ಪ್ರತಿ ಸಿಕ್ಕಿ, ಅದರಲ್ಲಿ ಈ ವಾಕ್ಯ ನಡುವೆಯೇ, ಸತ್ತವರ ಅಧ್ಯಾಯದಲ್ಲೇ ಇದ್ದರೆ?"

"ಆಗ ನಾನು ತಪ್ಪು. ನಾನೇ ಬಂದು ಹೇಳ್ತೀನಿ."

"ಹೇಳ್ತೀರಿ ಅನ್ನೋದಕ್ಕೆ ಏನು ಗ್ಯಾರಂಟಿ?"

ಉತ್ತರ ಕೊಟ್ಟದ್ದು ಇವನಲ್ಲ, ಬಿಷಪ್ಪರು. "ಅದನ್ನ ಕೇಳ್ಬೇಡಿ," ಎಂದರು ಮೆಲ್ಲಗೆ. ಸೆಮಿನರಿಯಲ್ಲಿ ಓದಿದ ಎಲ್ಲರಿಗೂ ಆ ಕಥೆ ಗೊತ್ತಿತ್ತು. ಇವನ ಮೊದಲ ಪುಸ್ತಕ ಪ್ರಾಚೀನ ಕಾಲದ ಒಬ್ಬ ಬಿಷಪ್ಪನ ಪ್ರವಚನಗಳ ಬಗ್ಗೆ. ಅದು ಅಚ್ಚಾಗಿ ವರ್ಷ ಕಳೆಯುವ ಮೊದಲೇ ಎಲ್ಲಿಂದಲೋ ಒಂದು ಹರಿದ ಹಾಳೆ ಸಿಕ್ಕಿತು. ಅದರ ಪ್ರಕಾರ ಪ್ರವಚನಗಳು ಆ ಬಿಷಪ್ಪನವೇ ಅಲ್ಲ. ಹಾಳೆ ನೋಡಿದ್ದು ಇವನೊಬ್ಬನೇ. ಅದೇ ದಿನ ಕೂತು ತನ್ನ ಪುಸ್ತಕ ತಪ್ಪೆಂದು ಬರೆದು ಪತ್ರಿಕೆಗೆ ಕಳಿಸಿದ. ಅವನಿಗೆ ಸಿಗಬೇಕಾಗಿದ್ದ ಪ್ರಾಧ್ಯಾಪಕ ಪೀಠ ಬೇರೆಯವರಿಗೆ ಹೋಯಿತು, ಮುನ್ನುಡಿ ಬರೆದಿದ್ದ ಗುರುಗಳು ಸಾಯುವವರೆಗೂ ಮಾತಾಡಲಿಲ್ಲ. ಹೊಸ ಹಾಳೆ ಬಂದರೆ ಇವನು ಕೈ ತೊಳೆಯಲೂ ನಿಲ್ಲುತ್ತಿರಲಿಲ್ಲ, ಓದಿಯೇ ತೀರಬೇಕು. ಓದಿದ್ದನ್ನು ಹೇಳಿಯೇ ತೀರಬೇಕು.

ಮಂಡಳಿ ಮತಕ್ಕೆ ಹಾಕಿತು. ಕೂದಲೆಳೆಯ ಅಂತರದಲ್ಲಿ ಹೆಂಗಸರು ಗೆದ್ದರು. ವಾಕ್ಯ ಅಂಚಿನದು, ಆದ್ದರಿಂದ ನಿಯಮವಲ್ಲ. ಪಟ್ಟಿಯ ಮಣ್ಣನ್ನು ಪ್ರಾರ್ಥನೆಯೊಡನೆ ಗೋಡೆಯ ಒಳಗೆ ತರತಕ್ಕದ್ದು. ವಕೀಲರು ಒಂದು ಷರತ್ತು ಸೇರಿಸಿದರು. ಮಣ್ಣು ಒಳಗೆ ಬರುವ ಮುನ್ನ ಮೇಷ್ಟ್ರ ವಾದವನ್ನು ಸುಳ್ಳು ಮಾಡುವ ಹಳೆಯ ಪ್ರತಿ ಯಾವುದಾದರೂ ಬೆಳಕಿಗೆ ಬಂದರೆ ಈ ತೀರ್ಮಾನ ರದ್ದು. "ಒಳಗೆ ಬಂದ ಮೇಲೆ?" ಎಂದು ದರ್ಜಿಯಮ್ಮ ಹಿಂದಿನಿಂದ ಕೇಳಿದಳು. "ಒಮ್ಮೆ ಹೂಳಿದ್ದನ್ನ ಯಾರೂ ತೆಗೆಯಲ್ಲಮ್ಮ," ಎಂದರು ಬಿಷಪ್ಪರು. ಮುಂದಿನ ಶನಿವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು. ಸೋಮವಾರ ರಸ್ತೆಯ ಯಂತ್ರಗಳು ಬರುವುದಿತ್ತು.

ಹೊರಗೆ ಬರುವಾಗ ದರ್ಜಿಯಮ್ಮ ಮೈದುನನ ಮುಂದೆ ನಿಂತಳು. ಧನ್ಯವಾದ ಹೇಳುವುದೋ ಬೇಡವೋ ಎಂದು ಅನುಮಾನಿಸಿ, "ನಿಮ್ಮ ಕೋಟಿನ ತೋಳು ಹರಿದಿದೆ, ಕಳಿಸಿ," ಎಂದಳು. "ಹರಿದದ್ದು ಗೊತ್ತಿದೆ," ಎಂದ ಈ ಮಹಾರಾಯ.

ಶನಿವಾರ ಬೆಳಿಗ್ಗೆ ನಾನು ಬಟ್ಟೆ ಬದಲಾಯಿಸಿ ಕೆಳಗೆ ಬಂದೆ. ಅಂಚೆಯವನು ಬೇಗನೆ ಬಂದಿದ್ದ. ಮೇಜಿನ ಮೇಲೆ ಒಂದು ಸಣ್ಣ ರಟ್ಟಿನ ಪೆಟ್ಟಿಗೆ, ಪಕ್ಕದಲ್ಲಿ ಬಿಡಿಸಿದ ಒಂದು ಕಾಗದ. ಮೈದುನ ಕೋಟು ಹಾಕಿಕೊಂಡು ಕೂತಿದ್ದ.

"ಏನದು?"

"ದೂರದ ಒಂದು ಮಠದ ಗ್ರಂಥಾಲಯದವರು," ಎಂದ. "ನನ್ನ ಲೇಖನ ಓದಿದರಂತೆ. ಸಭಾನಿಯಮದ ಐದನೇ ಪ್ರತಿ ತಮ್ಮ ಹತ್ತಿರ ಇದೆ ಅಂತಾರೆ. ಬೆಂಕೀಲಿ ಅರ್ಧ ಹೋಗಿದೆ. ಅವರ ಹಳೆಯ ಗ್ರಂಥಸೂಚಿಯ ಪ್ರಕಾರ ಸತ್ತವರ ಅಧ್ಯಾಯ ಪೂರ್ತಿ ಉಳಿದಿದೆ. ಉಳಿದ ನಾಲ್ಕಕ್ಕಿಂತ ಇನ್ನೂರು ವರ್ಷ ಹಳೇದು. ಫಿಲ್ಮ್ ಕಳ್ಸಿದಾರೆ."

"ವಾಕ್ಯ ಎಲ್ಲಿದೆಯಂತೆ?"

"ಅವರಿಗೆ ಸಿರಿಯಾಕ್ ಬರಲ್ಲ. ನೀವೇ ನೋಡ್ಕೊಳ್ಳಿ ಅಂತ ಬರೆದಿದಾರೆ."

ನಾನು ಗಡಿಯಾರ ನೋಡಿದೆ. ಸಮಾಧಿಭೂಮಿಯಲ್ಲಿ ಹೆಂಗಸರು ಆಗಲೇ ಸೇರಿರುತ್ತಾರೆ. ಆ ಪುಟದಲ್ಲಿ ವಾಕ್ಯ ಅಂಚಿನಲ್ಲಿದ್ದರೆ ಇವನಷ್ಟು ಗೆದ್ದವನಿಲ್ಲ. ಅಲ್ಲಿ ಆ ವಾಕ್ಯವೇ ಇಲ್ಲದಿದ್ದರೂ ಸರಿಯೇ. ನಡುವೆ ಇದ್ದರೆ, ಇವನು ನೇರವಾಗಿ ಅಲ್ಲಿಗೆ ಹೋಗಿ ಎಲ್ಲರೆದುರು ಹೇಳುತ್ತಾನೆ, ಗುದ್ದಲಿಗಳು ನಿಲ್ಲುತ್ತವೆ, ಸೋಮವಾರ ಆ ಪಟ್ಟಿಯ ಮೇಲೆ ಡಾಂಬರು ಬೀಳುತ್ತದೆ. ಸುರುಳಿ ಏರಿಸಿ ಪುಟ ಹುಡುಕಲು ಅವನಿಗೆ ಬೇಕಾದದ್ದು ಕಾಲು ಗಂಟೆ. ಅವನನ್ನು ತಡೆಯಬೇಕೆಂದು ನನಗೆ ಅನ್ನಿಸಿತು. ಆದರೆ ಹಾಗೆ ಯಾರನ್ನೂ ತಡೆದವಳಲ್ಲ ನಾನು.

ಅವನು ಪೆಟ್ಟಿಗೆ ಹಿಡಿದು ಮೇಲೆ ಹೋದ. ಮೆಟ್ಟಿಲ ಕೆಳಗೆ ನಿಂತು ಕಿವಿಗೊಟ್ಟೆ. ಯಂತ್ರದ ಸದ್ದು ಕೇಳಲಿಲ್ಲ. ಕಿಟಕಿಯ ಪರದೆ ಸರಿಸಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಕೆಳಗೆ ಬಂದ. ಒಂದು ಕೈಯಲ್ಲಿ ಪೆಟ್ಟಿಗೆ, ಅದರ ಅಂಟುಪಟ್ಟಿ ಹಾಗೇ ಇತ್ತು. ಇನ್ನೊಂದು ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಏನೋ.

"ಇದನ್ನ ನಿಮ್ಮ ಬೀರುವಿನಲ್ಲಿಡಿ, ಅತ್ತಿಗೆ," ಎಂದು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ. "ಬೀಗ ಹಾಕಿ. ಮಧ್ಯಾಹ್ನದವರೆಗೆ ನಾನು ಬಂದು ಕೇಳಿದ್ರೂ ಕೊಡ್ಬೇಡಿ. ಬೈದ್ರೂ ಕೊಡ್ಬೇಡಿ."

"ಓದಲ್ವಾ?"

"ಈಗ ಕಣ್ಣು ಸರಿಯಾಗಿ ಕಾಣ್ತಾ ಇಲ್ಲ," ಎಂದ. ಕನ್ನಡಕ ಮೂಗಿನ ಮೇಲೇ ಇತ್ತು. ಹಿಂದಿನ ದಿನವಷ್ಟೇ ಪತ್ರಿಕೆಯ ಅತಿ ಸಣ್ಣ ಅಕ್ಷರದ ಜಾಹೀರಾತಿನಲ್ಲಿ ಎರಡು ತಪ್ಪು ಹಿಡಿದು ನನಗೆ ತೋರಿಸಿದ್ದ.

"ಅದೇನು ಕರವಸ್ತ್ರದಲ್ಲಿ?"

"ಯಂತ್ರದ ಬಲ್ಬು. ಬರಿ ಕೈಯಲ್ಲಿ ಮುಟ್ಟಿದ್ರೆ ಬೆರಳ ಜಿಡ್ಡಿಗೆ ಸಿಡಿಯುತ್ತೆ." ಅದನ್ನು ಕೋಟಿನ ಒಳಜೇಬಿಗೆ ಇಳಿಸಿ, ಮೇಲಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡ. "ದಾರೀಲಿ ಮನಸ್ಸು ಬದಲಾಗಿ ವಾಪಸ್ ಬಂದ್ರೂ ಪ್ರಯೋಜನ ಇರಬಾರದು. ಇದನ್ನ ಅಲ್ಲೇ ದರ್ಜಿಯಮ್ಮನ ಕೈಗೆ ಕೊಟ್ಟು, ನಾಳೆ ವಾಪಸ್ ಇಸ್ಕೋತೀನಿ."

ನಾನು ಪೆಟ್ಟಿಗೆಯನ್ನು ಸೀರೆಗಳ ಕೆಳಗಿಟ್ಟು ಬೀಗ ಹಾಕಿದೆ. ತಿರುಗಿ ನೋಡುವಷ್ಟರಲ್ಲಿ ಅವನು ಆಗಲೇ ಗೇಟು ದಾಟಿದ್ದ, ಒಂದು ಕೈಯನ್ನು ಎದೆಯ ಮೇಲೆ ಹಿಡಿದುಕೊಂಡು, ತುಂಬಿದ ಲೋಟ ಹೊತ್ತವನಂತೆ ಅಲುಗಾಡದೆ ನಡೆಯುತ್ತಿದ್ದ.